ಘೋಸ್ಟ್‌ಗೆ ಕೈ ಕೊಡದ ಮಧ್ಯಾಹ್ನ

ಮೊಮ್ಮಗಳ ಫೋನಿನಲ್ಲಿ ಫಿಡಲ್ ಟ್ಯೂನ್ ಕೇಳಿದರೆ, ಹಿಂತಿರುಗಿ ನೋಡುವ ಧೈರ್ಯ ಈಗಲೂ ನನಗಿಲ್ಲ.

ನಾನು ಸ್ಕೂಲಿನಲ್ಲಿದ್ದಾಗ, ಬಳ್ಳಾರಿಯ ಕಾನ್ವೆಂಟ್ ಹಾಲ್‌ನಲ್ಲಿ ಸಿಸ್ಟರ್ ನಮಗೆ ಸ್ಕಾಟಿಷ್ ಕಂಟ್ರಿ ಡ್ಯಾನ್ಸ್ ಕಲಿಸುತ್ತಿದ್ದರು. ಎದುರುಬದುರು ಎರಡು ಸಾಲು. ಟ್ಯೂನ್ ತಿರುಗಿದಾಗ ಪಾರ್ಟ್ನರ್‌ನ ಬಲಗೈ ಹಿಡಿದು ಸುತ್ತಬೇಕು. ಆ ಮಧ್ಯಾಹ್ನ ನನ್ನ ಪಾರ್ಟ್ನರ್ ನೀಲಾ ಬಂದಿರಲಿಲ್ಲ; ಕುರುಗೋಡಿನ ಮನೆಯಲ್ಲಿ ಟೈಫಾಯ್ಡ್ ಬಂದು ಮಲಗಿದ್ದಳು.

“ನೀಲಾ ಈಸ್ ಅವರ್ ಘೋಸ್ಟ್ ಟುಡೇ. ಗಿವ್ ಹರ್ ಯುವರ್ ಹ್ಯಾಂಡ್,” ಎಂದರು ಸಿಸ್ಟರ್. ಬಾರದವರ ಖಾಲಿ ಜಾಗಕ್ಕೆ ಆ ಡ್ಯಾನ್ಸ್‌ನಲ್ಲಿ ಘೋಸ್ಟ್ ಎನ್ನುತ್ತಾರಂತೆ. ಅವರು ಇದ್ದಾರೆಂದೇ ಕುಣಿಯಬೇಕು.

ಬಾಗಿಲಲ್ಲಿದ್ದ ಸಿರುಗುಪ್ಪದ ಆಯಾ ಗಂಗಮ್ಮ ನನ್ನ ಕಿವಿಗೆ ಬಾಗಿದಳು. “ಜೀವ ಇರೋ ಹುಡುಗೀನ ದೆವ್ವ ಅಂತಾರೇನವ್ವಾ? ನೀ ಕೈ ಕೊಟ್ಟರ ಆಕಿ ಖರೇನ ದೆವ್ವ ಆಗ್ತಾಳ.”

ರೆಕಾರ್ಡ್ ಕರಕರ ಎಂದು ಶುರುವಾಯಿತು. ನೀಲಾ ಬದುಕಲಿ ಎಂದು ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಬ್ಬಳೇ ಸುತ್ತಿದೆ. ತಣ್ಣಗಿನ ಕಡಪಾ ಕಲ್ಲಿನ ಮೇಲೆ, ನನ್ನ ಹೆಜ್ಜೆಯ ಹಿಂದೆಯೇ ಇನ್ನೊಂದು ಬರಿಗಾಲಿನ ಹೆಜ್ಜೆ ಕೇಳಿಸಿತು.

ತಿಂಗಳಾದ ಮೇಲೆ ನೀಲಾ ಸ್ಕೂಲಿಗೆ ಬಂದಳು. ಜ್ವರಕ್ಕೆ ಕೂದಲೆಲ್ಲ ಉದುರಿತ್ತು. ನಾನು ಖುಷಿಯಿಂದ ಓಡಿದೆ. ಅವಳು ನಗಲಿಲ್ಲ.

“ಟ್ಯೂನ್ ಮುಗಿಯೋತನಕ ಕೈ ಚಾಚಿಕೊಂಡು ನಿಂತಿದ್ದೆ,” ಎಂದಳು. “ಯಾಕಲೇ ಹಿಡೀಲಿಲ್ಲ ನೀ?”