ಕೋಳಿಗೂಡಿನ ಮುಚ್ಚಳ

“ನಿಮ್ಮ ಮಗ ಶುಕ್ರಗ್ರಹದಲ್ಲಿ ಸುಖವಾಗಿದ್ದಾನೆ ತಾಯಿ, ನಾನೇ ಕಣ್ಣಾರೆ ಕಂಡೆ,” ಎಂದು ಓರಿನ್ ವೇದಿಕೆ ಮೇಲಿಂದ ಅಂದದ್ದೇ ತಡ, ಅವನ ಹೆಂಡತಿ ವರ್ನಾ ಎದ್ದುಬಿಟ್ಟಳು. ಕ್ಯಾಲಿಫೋರ್ನಿಯಾದ ಮರಳುಗಾಡಿನಲ್ಲಿ ನಡೆದಿದ್ದ ಆ ಹಾರುವ ತಟ್ಟೆ ನಂಬುವವರ ಸಮ್ಮೇಳನದಲ್ಲಿ ಗಂಡ ಬಿಟ್ಟ ರೈಲನ್ನೆಲ್ಲ, ಮಾರಿದ ತಟ್ಟೆಯ ಫೋಟೋಗಳನ್ನೆಲ್ಲ ಅವಳು ಹಲ್ಲುಕಚ್ಚಿ ಸಹಿಸಿದ್ದಳು. ಆದರೆ ಮುಂದಿನ ಸಾಲಿನಲ್ಲಿ ಕೂತು ಈ ಮಾತು ಕೇಳುತ್ತಿದ್ದ ಲುಸಿಲ್ ಮುದುಕಿಯ ಮಗ ಕೊರಿಯಾ ಯುದ್ಧದಲ್ಲಿ ಸತ್ತವನು. ಈ ಭಂಡ ಸತ್ತವನನ್ನೂ ಬಿಡಲಿಲ್ಲವಲ್ಲ.

ನೆಟ್ಟಗೆ ಟ್ರಕ್ಕಿಗೆ ಹೋದಳು. ಕೋಳಿಮರಿಗಳನ್ನು ಬೆಚ್ಚಗಿಡುವ ದುಂಡನೆಯ ತಗಡಿನ ಮುಚ್ಚಳ ಅಲ್ಲೇ ಬಿದ್ದಿತ್ತು. ಫೋಟೋ ತೆಗೆದಮೇಲೆ ಇಳಿಸಿಡುವುದಕ್ಕೂ ಆ ಸೋಮಾರಿಗೆ ಆಗಿರಲಿಲ್ಲ. ತಂದು ವೇದಿಕೆಯ ಮೇಲೆ ದಢಾರನೆ ಎಸೆದಳು.

“ಇವನ ಫೋಟೋದಲ್ಲಿ ಹಾರ್ತಿರೋ ತಟ್ಟೆ ಇದೇ ನೋಡ್ರಪ್ಪ. ದಾರ ಕಟ್ಟಿ ನೇತುಹಾಕಿದ್ದ. ನನ್ನ ಕೋಳಿಗೂಡಿಂದು.”

ಲುಸಿಲ್ ಮುಚ್ಚಳ ಎತ್ತಿ, ತಾನು ಕೊಂಡಿದ್ದ ಫೋಟೋದ ಪಕ್ಕ ಹಿಡಿದು, ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ಹೌದು, ಅದೇ,” ಅಂದಳು. “ತಟ್ಟೆಯ ತುಂಡು ತಂದಿದೀನಿ ಅಂತ ನೀನು ಹೇಳಲೇ ಇಲ್ವಲ್ಲೋ ಓರಿನ್. ಪಾಪ, ಹೆಂಡತಿಗೂ ಗುಟ್ಟು ಬಿಟ್ಟುಕೊಟ್ಟಿಲ್ಲ.”

ಮುಟ್ಟಿ ನೋಡಲು ಜನ ಆಗಲೇ ಸಾಲುಗಟ್ಟಿದ್ದರು. ಮುದುಕಿ ತಗಡಿಗೆ ಅಂಟಿದ್ದ ಒಣ ಹಿಕ್ಕೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ಕರವಸ್ತ್ರಕ್ಕೆ ಉದುರಿಸಿಕೊಂಡಳು.

“ಇದು ಅಲ್ಲಿಯ ಮಣ್ಣೇನಪ್ಪ?”

“ಹೌದು ತಾಯಿ,” ಅಂದ ಓರಿನ್.