ಸರ್ ಅಳೆದ ನೀರು

ನೀರಿನಲ್ಲಿರುವ ಫ್ಲೋರೈಡನ್ನು ಅಳೆಯಲು ನನ್ನ ಗೈಡ್ ಹಿಂದೊಮ್ಮೆ ಹೊಸ ವಿಧಾನ ಕಂಡುಹಿಡಿದು ಹೆಸರಾಗಿದ್ದರು. ಅದೇ ಪ್ರಯೋಗ ಮಾಡಿ ಅವರಿಗೆ ಬಂದ ಅಂಕಿಗಳನ್ನೇ ತರುವುದು ನನ್ನ ಪಿಎಚ್.ಡಿ.ಯ ಮೊದಲ ಕೆಲಸ. ವರ್ಷವಾದರೂ ಬರಲಿಲ್ಲ.

"ನಿನ್ನ ಕೈಯೇ ಸರಿಯಿಲ್ಲಮ್ಮ. ಪಿಪೆಟ್ ಹಿಡ್ಕೊಂಡು ಕನಸು ಕಾಣ್ತೀಯ."

"ಗಾಜಿನ ಸಾಮಾನೆಲ್ಲ ಬದಲಾಯಿಸಿ ನೋಡಿದೆ ಸರ್."

"ಹಾಗಾದ್ರೆ ನಿನ್ನನ್ನೇ ಬದಲಾಯಿಸ್ಬೇಕು. ಬಿಎಸ್ಸಿ ಮಕ್ಕಳಿಗೆ ಎಕ್ಸೆಲ್ ಆಟ ಆಡಿಸೋದಕ್ಕೇ ನೀನು ಲಾಯಕ್ಕು."

ಆ ಆಟ ನನಗೆ ಇಷ್ಟವೇ. ಪ್ರಯೋಗ ಮಾಡದೆಯೇ, ಮಾಡಿದ್ದರೆ ಬರಬಹುದಾಗಿದ್ದ ಅಳತೆಗಳನ್ನು ಎಕ್ಸೆಲ್ ತಾನೇ ಕಟ್ಟಿ ಕೊಡುತ್ತದೆ. ಹಾಳೆಯ ಯಾವ ಮೂಲೆಯಲ್ಲಿ ಏನು ಬರೆದರೂ ಸಾಕು, ಅಳೆದು ಬರೆದ ಅಂಕಿಗಳು ಕದಲುವುದಿಲ್ಲ, ಹೀಗೆ ಕಟ್ಟಿದವು ಮಾತ್ರ ಎಲ್ಲ ಹೊಸದಾಗಿಬಿಡುತ್ತವೆ. ಅಜ್ಜಿ ಹೇಳುತ್ತಿದ್ದ ಕತೆಯ ರಾಕ್ಷಸನಿಗೆ ಪ್ರತಿ ಸಲವೂ ಬೇರೆ ಬೇರೆ ಮುಖ ಬರುತ್ತಿದ್ದ ಹಾಗೆ.

"ನಿಜವಾಗಿ ಅಳೆದದ್ದು ಹೇಗಿರುತ್ತೆ ನೋಡು," ಎನ್ನುತ್ತ ಸರ್ ವರ್ಷಗಳಿಂದ ಮುಟ್ಟದಿದ್ದ ತಮ್ಮ ಎಕ್ಸೆಲ್ ಫೈಲನ್ನು ಮೊದಲ ಸಲ ನನ್ನೆದುರು ತೆರೆದರು. "ಇದರ ಪಕ್ಕದಲ್ಲೇ ನಿನ್ನ ಅಂಕಿ ಹಾಕ್ತೀನಿ. ಕಮಿಟಿಯವರೇ ನೋಡಿ ನಿನ್ನನ್ನ ಮನೆಗೆ ಕಳಿಸ್ಲಿ."

"ಇನ್ನೊಂದೇ ಒಂದು ತಿಂಗಳು ಕೊಡಿ ಸರ್..."

"ಹತ್ತು ತಿಂಗಳು ಕೊಟ್ರೂ ನಿನ್ನ ಕೈ ಅದೇ ತಾನೇ?"

ಅವರು ಖಾಲಿ ಕಾಲಮಿನ ನೆತ್ತಿಯಲ್ಲಿ ನನ್ನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರು.

ಪಕ್ಕದ ಕಾಲಮಿನಲ್ಲಿ ಸರ್ ಅಳೆದ ಅಂಕಿಗಳೆಲ್ಲ ಒಟ್ಟಿಗೇ ಬದಲಾದವು.