ಟವೆಲ್ ಮರೆಯ ಸಂಖ್ಯೆ

ಇನ್ನು ಗುಂಡಿ ಒತ್ತುವುದಷ್ಟೇ ಬಾಕಿ. ಸಹನಾ ನಾಲ್ಕು ವರ್ಷದಿಂದ ತನಗೇ ಕಾಣದಂತೆ ಮುಚ್ಚಿಟ್ಟಿದ್ದ ಸಂಖ್ಯೆ ಲ್ಯಾಪ್‌ಟಾಪಿನಲ್ಲಿ ಮೂಡಲಿತ್ತು. ಕೇಯಾನ್ ಎಂಬ ಕಣ ಒಡೆದಾಗ ಚೂರುಗಳು ಸಿಡಿಯುವ ರೀತಿ ನೋಡಿ ಅದರ ಒಳರೂಪ ಅಳೆದ ಸಂಖ್ಯೆ.

"ಮುಚ್ಚಿಡಾದ್ಯಾಕಮ್ಮ?" ಪಕ್ಕದಲ್ಲಿ ಕೂತಿದ್ದ ಅಪ್ಪ ಸಣ್ಣರಂಗಯ್ಯ ಕೇಳಿದರು.

"ಮೊದ್ಲೇ ಕಂಡ್ರೆ, ಬೇರೆಯವರ ಲೆಕ್ಕಕ್ಕೆ ಹೊಂದ್ಲಿ ಅಂತ ಮನಸ್ಸು ಎಳೀತದೆ ಕಣಪ್ಪ. ತೆಗೆದ್ಮೇಲೆ ತಿದ್ದಂಗಿಲ್ಲ."

"ಅಂಗಾದ್ರೆ ನಮ್ ಕಸುಬೇ ಬುಡು!" ದೊಡ್ಡೇರಿ ಸುತ್ತ ಮೂವತ್ತು ವರ್ಷ ದನದ ದಲ್ಲಾಳಿಯಾಗಿದ್ದವರು ಅವರು. ಟವೆಲ್ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಟವೆಲ್ ಸರಿದ ಮೇಲೆ ಒಮ್ಮೆಯೂ ಮಾತಿಗೆ ತಪ್ಪಿದವರಲ್ಲ.

ಸಹನಾ ಒತ್ತಿದಳು. ಬಂದ ಸಂಖ್ಯೆ ಎಲ್ಲರೂ ನಂಬಿದ್ದ ಹಳೆಯ ಅಳತೆಗೆ ಹೊಂದಲೇ ಇಲ್ಲ. ವಿಡಿಯೊ ಕರೆಯಲ್ಲಿದ್ದ ಹಿರಿಯ ವಿಜ್ಞಾನಿ ಗಂಟಲು ಸರಿಮಾಡಿಕೊಂಡು, "ವಿಧಾನ ಸ್ವಲ್ಪ ಬದಲಾಯಿಸಿ ನೋಡೋಣವಾ?" ಎಂದರು.

"ಇಲ್ಲ ಸರ್. ತೆಗೆದಾಯ್ತು. ಬಂದಿರೋದು ಇದು, ಇದನ್ನೇ ಬರೀತೀನಿ."

ಸಣ್ಣರಂಗಯ್ಯ ಎದ್ದುನಿಂತರು. ಒಗೆಯುವುದಕ್ಕೂ ಇನ್ನೊಬ್ಬರ ಕೈಗೆ ಕೊಡದ ವ್ಯಾಪಾರದ ಟವೆಲನ್ನು ಹೆಗಲಿಂದ ತೆಗೆದು, ಒಮ್ಮೆ ಕೊಡವಿ, ಮಗಳ ಹೆಗಲಿಗೆ ಹಾಕಿದರು.